ಬದಲಿ ಡ್ರೈವರ್

"ಪ್ಲಗ್ ಎಲ್ಲಿದೆ ಸಾರ್?" ಎಂದು ಫ್ರೀಜರ್ ಪೆಟ್ಟಿಗೆಯ ಒಂದು ತುದಿ ಹಿಡಿದಿದ್ದವನು ಕೇಳಿ ಮುಗಿಸುವಷ್ಟರಲ್ಲಿ ಡ್ರೈವರಣ್ಣನ ಕೈ ಗೋಡೆಯ ಸಾಕೆಟ್ಟಿಗೆ ಹೋಗಿ, ಅಲ್ಲಿದ್ದ ಸಣ್ಣ ಪ್ಲಗ್ಗನ್ನು ಕಿತ್ತು ಜಾಗ ಮಾಡಿಕೊಟ್ಟಾಗಿತ್ತು.

"ಇಲ್ಲಿ ಹಾಕಪ್ಪ."

ಫ್ರೀಜರ್ ಪೆಟ್ಟಿಗೆ ಒಮ್ಮೆ ನಡುಗಿ ಗುರ್ರೆಂದು ಶುರುವಾಯಿತು. ಗಾಜಿನ ಮುಚ್ಚಳದ ಕೆಳಗೆ ಡ್ರೈವರಣ್ಣನ ಹೆಂಡತಿ ಮಲಗಿದ್ದಳು. ಆಸ್ಪತ್ರೆಯಿಂದ ಅವಳನ್ನು ತಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಪೆಟ್ಟಿಗೆ ತಂದ ಇಬ್ಬರೂ ಸಹಿ ಹಾಕಿಸಿಕೊಂಡು ಹೊರಟುಹೋದರು. ಡ್ರೈವರಣ್ಣ ಮಾತ್ರ ಕಿತ್ತ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. ವೈರಿನ ಜಾಡು ಹಿಡಿದು ಹೋದ ಅವನ ಕಣ್ಣು ಕಪಾಟಿನ ಮೇಲಿನ ಮರದ ಪೆಟ್ಟಿಗೆಯ ಹತ್ತಿರ ನಿಂತಿತು.

ಅದು ಅವಳ ಹಾಡಿನ ಪೆಟ್ಟಿಗೆ. ಅದರ ಮುಂಭಾಗದಲ್ಲಿ ಎರಡು ದೀಪ. ಕರೆಂಟು ಇರುವಷ್ಟು ಹೊತ್ತೂ ಉರಿಯುವುದು ಕೆಂಪು. ಒಳಗೆ ಕೆಲಸ ನಡೆಯುವಾಗ ಮಿನುಗುವುದು ಹಸಿರು. ಪ್ಲಗ್ ಕೀಳುವ ಮುಂಚಿನ ಗಳಿಗೆಯಲ್ಲಿ ಹಸಿರು ದೀಪ ಪಟಪಟನೆ ಮಿನುಗುತ್ತಿದ್ದುದನ್ನು ಅವನು ಕಂಡಿದ್ದ. ಕಂಡೂ ಕಿತ್ತಿದ್ದ. ಗಡಿಯಾರದಲ್ಲಿ ಆರು ಗಂಟೆ ಐದು ನಿಮಿಷ.

"ಬೆಳಿಗ್ಗೆ ಆರರಿಂದ ಆರೂಕಾಲು ಅದರ ಬರವಣಿಗೆ ಹೊತ್ತು. ದಿನಾ ಕೂತು ತನ್ನ ಪಟ್ಟಿ ತಾನೇ ಬರ್ಕೊಳ್ಳುತ್ತೆ. ಆಗ ಮಾತ್ರ ಅದರ ತಂಟೆಗೆ ಹೋಗಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಅವಳು ಎಷ್ಟು ಸಲ ಹೇಳಿದ್ದಳೋ. ಆರಿಸುವುದಕ್ಕೂ ಒಂದು ಕ್ರಮವಿತ್ತು. ಮೊದಲು ಪಕ್ಕದ ಗುಂಡಿ ಒತ್ತಬೇಕು, ಹಸಿರು ಪೂರ್ತಿ ಆರುವ ತನಕ ಕಾಯಬೇಕು, ಆಮೇಲೆ ಪ್ಲಗ್ಗು. ಹೇಳಿದ್ದಕ್ಕೆಲ್ಲ ಅವನು ಹೂಂಗುಟ್ಟಿದ್ದ. ಹೂಂಗುಟ್ಟಿದ್ದು ಬಾಯಿ, ಕೀಳುವುದು ಕೈ. ಎರಡಕ್ಕೂ ಮಾತುಕತೆ ಇರಲಿಲ್ಲ.

ಪಕ್ಕದ ಕೋಣೆಯಲ್ಲಿ ಮಗಳು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು. "ಮೂರೂಮುಕ್ಕಾಲಿಗೆ ಗಾಡಿ ಬರುತ್ತೆ. ನಾಲ್ಕೂವರೆಗೆ ಚಿತಾಗಾರದಲ್ಲಿ ನಮ್ಮ ಸರದಿ. ಭಾಷಣ ಗೀಷಣ ಏನೂ ಇಲ್ಲ. ಅಮ್ಮ ಬರೆದಿಟ್ಟಿದ್ದಾಳೆ, ಹೊರಡೋಕೆ ಮುಂಚೆ ಹಾಡಿನ ಪೆಟ್ಟಿಗೆಯಲ್ಲಿ ಕೊನೆಯ ನಂಬರ್ ಹಚ್ಚಬೇಕಂತೆ. ಅಷ್ಟೇ ಸಾಕಂತೆ. ಏನಿದೆಯೋ ಗೊತ್ತಿಲ್ಲ, ಯಾರೂ ಕೇಳಿಲ್ಲ."

ಡ್ರೈವರಣ್ಣ ಸದ್ದು ಮಾಡದೆ ಎಕ್ಸ್‌ಟೆನ್ಷನ್ ವೈರು ಹುಡುಕಿ ತಂದು ಹಾಡಿನ ಪೆಟ್ಟಿಗೆಯ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದ. ಕೆಂಪು ದೀಪ ಹತ್ತಿತು. ಹಸಿರು ಹತ್ತಲಿಲ್ಲ. ಹತ್ತು ನಿಮಿಷ ಕಾದ. ಆಗಲೂ ಹತ್ತಲಿಲ್ಲ. ಧೂಳು ಬೀಳದಿರಲೆಂದು ಅವಳು ಹೊಲಿದಿಟ್ಟಿದ್ದ ಬಟ್ಟೆಯನ್ನು ಪೆಟ್ಟಿಗೆಯ ಮೇಲೆ ಇಳಿಬಿಟ್ಟು, ತಪ್ಪು ಮಾಡಿದ ಮಗುವಿನಂತೆ ಕುರ್ಚಿಯಲ್ಲಿ ಹೋಗಿ ಕೂತ.

*

ಬಸ್ಸು ಓಡಿಸಿದ ಮೂವತ್ತಮೂರು ವರ್ಷ ಅವನಿಗೆ ಕಲಿಸಿದ್ದು ಒಂದೇ ಪಾಠ: ಇಳಿಯುವ ಮುಂಚೆ ಬ್ಯಾಟರಿ ಸ್ವಿಚ್ಚು ಆರಿಸು. ಡಿಪೋದಲ್ಲಿ ಒಮ್ಮೆ ಯಾರೋ ಅದನ್ನು ಮರೆತು ಮನೆಗೆ ಹೋಗಿದ್ದರು. ನಿಂತಿದ್ದ ಬಸ್ಸು ವೈರು ಬಿಸಿಯಾಗಿ ಹೊತ್ತಿಕೊಂಡು, ಸೀಟುಗಳ ಕಂಬಿ ಮಾತ್ರ ಉಳಿದಿತ್ತು. ಅದನ್ನು ನೋಡಿದ ದಿನದಿಂದ ಅವನು ಮನೆಯನ್ನೂ ಬಸ್ಸಿನ ಹಾಗೇ ನಿಲ್ಲಿಸಿ ಇಳಿಯುತ್ತಿದ್ದ. ಎಲ್ಲಿಗೆ ಹೊರಟರೂ ಒಂದು ಸುತ್ತು. "ಅಡುಗೆಮನೆ, ಆಯ್ತು. ಬಚ್ಚಲು, ಆಯ್ತು. ಹಾಲ್, ಆಯ್ತು." ಬಾಯಲ್ಲಿ ಲೆಕ್ಕ, ಕೈಯಲ್ಲಿ ಸ್ವಿಚ್ಚು. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೂ ಕೀಳಬೇಕು. ಇಸ್ತ್ರಿ ಪೆಟ್ಟಿಗೆಯಿಂದ ಹಿಡಿದು ಮಗಳ ಓದುವ ದೀಪದ ತನಕ ಅವನ ಕೈಗೆ ಸಿಕ್ಕಿ ಬಚಾವಾದದ್ದು ಒಂದೂ ಇರಲಿಲ್ಲ. ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕಾದು ನಿಲ್ಲುವುದು ಆ ಮನೆಯ ವಾಡಿಕೆ.

ಅವಳು ರೇಡಿಯೋ ಕೇಂದ್ರದ ಟೇಪ್ ಲೈಬ್ರರಿಯಲ್ಲಿದ್ದವಳು. ಬೀದಿಯವರ ಬಾಯಲ್ಲಿ ಟೇಪಮ್ಮ. ಯಾರು ಯಾವಾಗ ಏನು ಹಾಡಿದರು, ಅದು ಯಾವ ಸಾಲಿನ ಯಾವ ಅರೆಯಲ್ಲಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ನಿವೃತ್ತಿಯಾಗಿ ಎರಡು ವಾರ ಸುಮ್ಮನಿದ್ದಳು. ಮೂರನೆಯ ವಾರ ಅಂಗೈ ಅಗಲದ ಒಂದು ಕಂಪ್ಯೂಟರ್ ತಂದಳು. ಹೊಲಿಗೆ ಸಾಮಾನಿನ ಹಳೆಯ ಮರದ ಪೆಟ್ಟಿಗೆಯನ್ನು ಖಾಲಿ ಮಾಡಿ, ಅದರೊಳಗೆ ಆ ಕಂಪ್ಯೂಟರನ್ನು ಕೂರಿಸಿ, ಮುಂದೆ ಒಂದು ತಿರುಗಣೆ, ನಂಬರ್ ತೋರಿಸುವ ಸಣ್ಣ ಗಾಜು ಜೋಡಿಸಿದಳು. ಆಮೇಲೆ ಒಂದು ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಸಾಮಾನು ಸಾಲಾಗಿಟ್ಟು ಗಂಡನನ್ನು ಕರೆದಳು.

"ಬನ್ನಿ, ಇದರಲ್ಲಿ ಒಂದು ಆರಿಸ್ಬೇಕು. ಹಾಡೆಲ್ಲ ಎಲ್ಲಿ ಇಡೋದು ಅಂತ."

"ನನ್ನನ್ನ ಯಾಕೆ ಕೇಳ್ತೀಯ? ನನಗೆ ಎತ್ತು ಯಾವುದು ಎಮ್ಮೆ ಯಾವುದು ಗೊತ್ತಾಗಲ್ಲ."

"ಮನೆಯಲ್ಲಿ ದಿನವಿಡೀ ಕೇಳ್ಬೇಕಾದವರು ನೀವೇ ತಾನೆ? ಕೂತ್ಕೊಳ್ಳಿ."

ಮೊದಲನೆಯದು ದಪ್ಪ ಹಾರ್ಡ್ ಡಿಸ್ಕ್. ಹಳೆ ಕಂಪ್ಯೂಟರಿನಿಂದ ತೆಗೆದದ್ದು, ಒಳಗೆ ತಟ್ಟೆ ತಿರುಗುತ್ತದೆ. ಅವನು ಅದಕ್ಕೆ ಕಿವಿಯಿಟ್ಟು ಕೇಳಿ, "ಬೇರಿಂಗ್ ಹೋಗ್ತಾ ಇದೆ," ಎಂದ. ಅವಳು ನಕ್ಕು ಅದನ್ನು ಪಕ್ಕಕ್ಕೆ ಸರಿಸಿದಳು. ಅವಳ ಕಿವಿಗೂ ಹಾಗೇ ಕೇಳಿಸಿತ್ತು. ಎರಡನೆಯದು ಪೆನ್ ಡ್ರೈವ್. "ಇದು ಹಿಂದಿನಿಂದ ಕೋಡಿನ ಹಾಗೆ ಚಾಚಿಕೊಂಡಿರುತ್ತೆ. ಒರೆಸೋ ಬಟ್ಟೆ ತಗುಲಿದರೆ ಮುರೀತು," ಎಂದವಳು ಅವಳೇ. ಮೂರನೆಯದು ಎಸ್‌ಎಸ್‌ಡಿ, ಇಸ್ಪೀಟಿನ ಕಟ್ಟಿಗಿಂತ ತೆಳ್ಳಗಿತ್ತು.

"ಇದರಲ್ಲಿ ತಿರುಗೋ ಭಾಗವೇ ಇಲ್ಲ. ಸದ್ದಿಲ್ಲ, ಬಿದ್ದರೂ ಅಷ್ಟು ಸುಲಭಕ್ಕೆ ಕೆಡಲ್ಲ."

"ತಿರುಗೋದೇ ಇಲ್ಲ ಅಂದ್ಮೇಲೆ ಅದು ಓಡೋದು ಹೇಗೆ?" ಎಂದ ಅವನು ಅನುಮಾನದಿಂದ. ಅವನ ಕಣ್ಣು ನಾಲ್ಕನೆಯದರ ಮೇಲಿತ್ತು. ಕಿರುಬೆರಳ ಉಗುರಿನಷ್ಟು ಮೆಮೊರಿ ಕಾರ್ಡು. "ಇದನ್ನೇ ಇಟ್ಕೋ. ಹೆಂಗಿದ್ರೂ ಆ ಕಂಪ್ಯೂಟರಿಗೆ ಇದು ಬೇಕೇ ಬೇಕು ಅಂತೀಯ. ಹಾಡೂ ಇದರಲ್ಲೇ ತುಂಬು. ಒಂದೇ ಸಾಮಾನು, ಒಂದೇ ತಲೆನೋವು."

ಅವಳು ತಲೆಯಾಡಿಸಿದಳು. ಗಂಡನಿಗೆ ಅರ್ಥವಾಗುವ ಮಾತು ಹುಡುಕುವಾಗ ಅವಳು ಮೂಗಿನ ತುದಿ ಸವರಿಕೊಳ್ಳುತ್ತಿದ್ದಳು. "ನೋಡಿ, ಈ ಕಾರ್ಡು ಡ್ರೈವರ್ ಇದ್ದ ಹಾಗೆ. ಗಾಡಿ ಓಡಿಸ್ತಾನೆ. ಸದಾ ಬರೀತಾ ಅಳಿಸ್ತಾ ಇರ್ತಾನೆ, ಸುಸ್ತಾಗ್ತಾನೆ. ಬರೀತಾ ಇರೋವಾಗ ಯಾರೋ ಮಹಾನುಭಾವರು ಪ್ಲಗ್ ಕಿತ್ರು ಅನ್ಕೊಳ್ಳಿ, ಅವನಿಗೆ ತಲೆ ಕೆಡುತ್ತೆ. ಹಾಡೆಲ್ಲ ಪ್ರಯಾಣಿಕರು. ಅವರನ್ನ ಡ್ರೈವರ್ ತೊಡೆ ಮೇಲೆ ಕೂರಿಸ್ತೀರಾ? ಹಿಂದೆ ಬೇರೆ ಸೀಟು ಕೊಡ್ಬೇಕು, ಈ ಎಸ್‌ಎಸ್‌ಡಿಯಲ್ಲಿ. ಡ್ರೈವರಿಗೆ ಏನಾದ್ರೂ ಆಯ್ತು ಅಂದ್ರೆ?"

"ಬದಲಿ ಡ್ರೈವರ್ ಕಳಿಸ್ತಾರೆ."

"ಪ್ರಯಾಣಿಕರು?"

"ಅವರು ಕೂತಲ್ಲೇ ಕೂತಿರ್ತಾರೆ. ಬೈತಾ ಇರ್ತಾರೆ."

"ಹಾಂ. ಅಷ್ಟೇ ವಿಷಯ," ಎಂದು ಅವಳು ಆ ತೆಳ್ಳನೆಯ ಡಿಸ್ಕಿಗೆ ಅಳತೆ ತೆಗೆದು, ಅವತ್ತೇ ಒಂದು ಬಟ್ಟೆಯ ಚೀಲ ಹೊಲಿದಳು.

*

ಹನ್ನೊಂದರ ಹೊತ್ತಿಗೆ ಮನೆ ತುಂಬಿತು. ಬಂದವರೆಲ್ಲ ಫ್ರೀಜರಿನ ಗಾಜಿನ ಮುಂದೆ ಒಂದು ಗಳಿಗೆ ನಿಂತು, ಡ್ರೈವರಣ್ಣನ ಭುಜ ಮುಟ್ಟಿ, ಆಮೇಲೆ ಕಪಾಟಿನ ಕಡೆ ನೋಡುತ್ತಿದ್ದರು. ಬೀದಿಯ ಅರ್ಧ ಮನೆಗಳ ಧ್ವನಿ ಆ ಪೆಟ್ಟಿಗೆಯಲ್ಲಿತ್ತು. ಸತ್ತುಹೋದ ಅಜ್ಜಂದಿರ ಮಾತು, ಮಕ್ಕಳ ಮೊದಲ ತೊದಲು, ಯಾರದೋ ಮದುವೆಯಲ್ಲಿ ಯಾರೋ ಕುಡಿದು ಹಾಡಿದ ಹಾಡು. ಬೂಸ್ಟು ಹಿಡಿದ ಕ್ಯಾಸೆಟ್ಟು ತಂದುಕೊಟ್ಟವರಿಗೆಲ್ಲ ಟೇಪಮ್ಮ ಅದನ್ನು ಒರೆಸಿ, ಓಡಿಸಿ, ನಂಬರ್ ಹಾಕಿ ಒಳಗೆ ಸೇರಿಸಿದ್ದಳು. ಇನ್ನೊಂದು ಡಿಸ್ಕಿನಲ್ಲಿ ನಕಲು ಇಟ್ಟಿದ್ದಳು. ಅದು ಹೋದ ತಿಂಗಳು ಕೆಟ್ಟು, ಹೊಸದು ತರೋಣ ಎನ್ನುವಷ್ಟರಲ್ಲಿ ಅವಳೇ ಆಸ್ಪತ್ರೆ ಸೇರಿದ್ದಳು.

ರೇಡಿಯೋ ಕೇಂದ್ರದಿಂದ ಕತ್ತರಿ ಮೇಡಂ ಬಂದರು. ಟೇಪು ಕತ್ತರಿಸಿ ಅಂಟಿಸುವುದರಲ್ಲಿ ಎತ್ತಿದ ಕೈಯಾದ್ದರಿಂದ ಆ ಹೆಸರು. ಟೇಪಮ್ಮನ ಎದುರು ಮೇಜಿನಲ್ಲಿ ಇಪ್ಪತ್ತು ವರ್ಷ ಕೂತವರು. ಗಾಜಿನ ಮುಂದೆ ಬಹಳ ಹೊತ್ತು ನಿಂತು, ಮೂಗು ಒರೆಸಿಕೊಂಡು, ಡ್ರೈವರಣ್ಣನ ಪಕ್ಕ ಕೂತರು.

"ಆಸ್ಪತ್ರೆಯಲ್ಲಿ ನೋಡೋಕೆ ಹೋಗಿದ್ದೆನಲ್ಲ, ಆವಾಗ್ಲೂ ತಮಾಷೆ ಅವಳದು. ನರ್ಸಿಗೆ ಹೇಳ್ತಿದ್ದಳು, ನಮ್ಮ ಮನೆಯವರನ್ನ ಈ ಯಂತ್ರದ ಹತ್ತಿರ ಬಿಡಬೇಡಿ, ಹೊರಡೋವಾಗ ಪ್ಲಗ್ ಕಿತ್ತು ಹೋಗ್ಬಿಡ್ತಾರೆ ಅಂತ."

ಸುತ್ತ ಕೂತವರು ಸಣ್ಣಗೆ ನಕ್ಕರು. ಡ್ರೈವರಣ್ಣನಿಗೂ ನಗು ಬಂತು. ಈಗ ಹೇಳಿಬಿಡಬೇಕು ಎಂದುಕೊಂಡ. ಬಾಯಿ ತೆರೆದ. ನೀರು ಬೇಕೇನೋ ಎಂದು ಯಾರೋ ಲೋಟ ತಂದು ಕೈಗಿಟ್ಟರು. ಕುಡಿದು ಲೋಟ ವಾಪಸು ಕೊಟ್ಟ. ಹೇಳುವುದೇನು? ಅವಳು ಕೊನೆಯದಾಗಿ ಕೇಳಿಕೊಂಡ ಒಂದೇ ಒಂದು ಕೆಲಸವನ್ನು ಅವಳು ಮನೆಗೆ ಬಂದ ಅರ್ಧ ಗಂಟೆಯಲ್ಲಿ ನಾನೇ ಕೆಡಿಸಿ ಕೂತಿದ್ದೇನೆ ಎಂದೇ? ಅವನಿಗೆ ತನ್ನ ಕೈ ಕಂಡರೆ ಅಸಹ್ಯವಾಯಿತು. ಎರಡೂ ಕೈಗಳನ್ನು ತೊಡೆಗಳ ಕೆಳಗೆ ಸೇರಿಸಿಕೊಂಡು ಕೂತ.

ಎರಡು ಗಂಟೆಗೆ ಮಗಳು ಹೊದಿಕೆ ತೆಗೆದು ತಿರುಗಣೆ ತಿರುಗಿಸಿ ನೋಡಿದಳು. ಗಾಜಿನಲ್ಲಿ ನಂಬರ್ ಇಲ್ಲ. ಮತ್ತೆ ತಿರುಗಿಸಿದಳು.

"ಅಪ್ಪ, ಇದು ಯಾಕೆ ಹೀಗಿದೆ? ನಿನ್ನೆ ಓಡ್ತಾ ಇತ್ತಲ್ಲ?"

"ನಿನ್ನೆ ಓಡ್ತಾ ಇತ್ತು," ಎಂದ ಅವನು. ಅದು ಸುಳ್ಳಲ್ಲ. ಸುಳ್ಳಿಗಿಂತ ಕೆಟ್ಟದ್ದು ಎಂದು ಹೇಳುವಾಗಲೇ ಅವನಿಗೆ ಗೊತ್ತಿತ್ತು.

ಮಗಳು ಗಂಡನನ್ನು ಕರೆದಳು. ಅಳಿಯ ವಿಮಾ ಕಚೇರಿಯಲ್ಲಿದ್ದವನು, ಒಳ್ಳೆಯ ಮನುಷ್ಯ. ಕುಟುಂಬದಲ್ಲಿ ಯಾರ ಫೋನು ಸತ್ತರೂ ಅವನ ಕೈಗೇ ಬರುತ್ತಿತ್ತು. ಹತ್ತರಲ್ಲಿ ಆರಕ್ಕೆ ಜೀವ ಬರುತ್ತಿದ್ದುದರಿಂದ ಉಳಿದ ನಾಲ್ಕನ್ನು ಯಾರೂ ಎಣಿಸುತ್ತಿರಲಿಲ್ಲ. ಅವನು ಪೆಟ್ಟಿಗೆಯನ್ನು ಆಚೀಚೆ ತಿರುಗಿಸಿ, ಕಿತ್ತು ಹಾಕಿ, ಕಿತ್ತು ಹಾಕಿ ನೋಡಿದ. ಪ್ರತಿ ಸಲ ಅವನು ಪ್ಲಗ್ ಕಿತ್ತಾಗಲೂ ಡ್ರೈವರಣ್ಣ ಬೇರೆ ಕಡೆ ನೋಡುತ್ತಿದ್ದ.

"ಹಿಂದೆ ಡಿಸ್ಕ್ ಇದೆಯಲ್ಲ, ಅದನ್ನ ನನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡ್ತೀನಿ. ಹಾಡು ಇರೋದು ಅದರಲ್ಲೇ. ಅತ್ತೆ ಹೇಳಿದ್ದ ಆ ಕೊನೆಯದನ್ನ ಲ್ಯಾಪ್‌ಟಾಪಿಂದಲೇ ಹಾಕಿಬಿಡೋಣ," ಎಂದ ಅಳಿಯ. ಪೆಟ್ಟಿಗೆಯ ಹಿಂಬದಿಯ ಬಟ್ಟೆಯ ಚೀಲದಿಂದ ತೆಳ್ಳನೆಯ ಡಿಸ್ಕು ಹೊರಗೆ ಬಂತು.

ಮೂರು ಗಂಟೆ ಹತ್ತು ನಿಮಿಷ. ಅಡುಗೆಮನೆಯ ಅದೇ ಮೇಜು. ಅಳಿಯ ಲ್ಯಾಪ್‌ಟಾಪಿನ ಮುಂದೆ, ಅವನ ಹಿಂದೆ ಮಗಳು, ಕತ್ತರಿ ಮೇಡಂ, ಬಾಗಿಲಿಗೆ ಒರಗಿ ಡ್ರೈವರಣ್ಣ. ಡಿಸ್ಕು ಚುಚ್ಚಿದ ಕೂಡಲೇ ತೆರೆಯ ಮೇಲೆ ಒಂದು ಚೌಕ ಮೂಡಿತು.

"ಅಯ್ಯೋ," ಎಂದ ಅಳಿಯ ಮೆಲ್ಲಗೆ. "ಡಿಸ್ಕೇ ಹೋಗಿದೆ. ನೋಡಿ, ಇದನ್ನ ಬಳಸಬೇಕಾದ್ರೆ ಫಾರ್ಮ್ಯಾಟ್ ಮಾಡ್ಬೇಕು ಅಂತ ಕೇಳ್ತಾ ಇದೆ."

"ಫಾರ್ಮ್ಯಾಟ್ ಅಂದ್ರೆ ಅಳಿಸೋದಲ್ವಾ?" ಎಂದಳು ಮಗಳು.

"ಅಳಿಸಿ ಸರಿ ಮಾಡೋದು. ಆಮೇಲೆ ವಾಪಸ್ ತರೋ ಸಾಫ್ಟ್‌ವೇರ್ ಇದೆ. ಆಫೀಸಲ್ಲಿ ಒಂದ್ಸಲ ಮಾಡಿದ್ದೀನಿ, ಅರ್ಧದಷ್ಟು ಬಂತು."

"ಇನ್ನರ್ಧ?"

"ಈಗ ಏನೂ ಇಲ್ಲ ಅಂತ ತೋರಿಸ್ತಾ ಇದೆ ಕಣೇ. ಏನೂ ಇಲ್ಲದ್ದಕ್ಕಿಂತ ಅರ್ಧ ವಾಸಿ ಅಲ್ವಾ? ಇನ್ನು ಮೂವತ್ತು ನಿಮಿಷಕ್ಕೆ ಗಾಡಿ ಬರುತ್ತೆ. ಬೇಗ ಹೇಳು."

ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಕತ್ತರಿ ಮೇಡಂ, "ನನಗೆ ಟೇಪಾದ್ರೆ ಗೊತ್ತಾಗ್ತಿತ್ತು. ಇದು ಗೊತ್ತಾಗಲ್ಲಮ್ಮ," ಎಂದರು. ಮಗಳು ಮುಖದಿಂದ ಕೈ ತೆಗೆಯದೆ ತಲೆಯಾಡಿಸಿದಳು. "ಮಾಡಿ ಹಂಗಾದ್ರೆ."

ಅಳಿಯನ ಬೆರಳು ಗುಂಡಿಯ ಮೇಲೆ ಹೋಯಿತು.

ಡ್ರೈವರಣ್ಣ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಡಿಸ್ಕು ಹೋಗಿಲ್ಲ. ಲ್ಯಾಪ್‌ಟಾಪು ಏನೇ ಹೇಳಲಿ, ಹೋಗಿಲ್ಲ. ಹೋಗಿರುವುದು ಯಾವುದೆಂದು ಈ ಮನೆಯಲ್ಲಿ ಗೊತ್ತಿರುವುದು ತನಗೊಬ್ಬನಿಗೆ. ಇದೇ ಮೇಜಿನ ಮುಂದೆ ಕೂರಿಸಿ ಅವಳು ಹೇಳಿಕೊಟ್ಟಿದ್ದಳು. ಆದರೆ ಅದನ್ನು ಹೇಳಬೇಕಾದರೆ ಬೆಳಗಿನದನ್ನೂ ಹೇಳಬೇಕು.

"ಬೇಡ," ಎಂದ.

ಮೂವರೂ ತಿರುಗಿ ನೋಡಿದರು.

"ಕೈ ತೆಗೀರಿ ಅಳಿಯಂದ್ರೇ. ಡಿಸ್ಕಿಗೆ ಏನೂ ಆಗಿಲ್ಲ. ಪ್ಲಗ್ ಕಿತ್ತದ್ದು ನಾನು."

"ಯಾವಾಗ?" ಎಂದಳು ಮಗಳು.

"ಬೆಳಿಗ್ಗೆ ಆರು ಗಂಟೆಗೆ. ಫ್ರೀಜರಿನವರು ಜಾಗ ಕೇಳಿದ್ರು. ಹಸಿರು ಮಿನುಗ್ತಾ ಇತ್ತು. ಅದು ಬರೆಯೋ ಹೊತ್ತು ಅಂತ ಗೊತ್ತಿತ್ತು. ಕೈ ಕಿತ್ತುಬಿಡ್ತು."

"ಬೆಳಿಗ್ಗೆಯಿಂದ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ನಾನು ಎಲ್ಲರಿಗೂ ಫೋನ್ ಮಾಡಿ ಅಮ್ಮನ ಆಸೆ ಅಂತ ಹೇಳ್ತಾ ಇದ್ದೆ. ನೀನು ಕೂತು ಕೇಳ್ತಾ ಇದ್ದೆ. ಈಗ ಇವರು ಅಷ್ಟನ್ನೂ ಅಳಿಸೋಕೆ ಹೊರಟಿದ್ರು, ಆಗಲೂ ಕೊನೇ ಗಳಿಗೆ ತನಕ ನಿಂತು ನೋಡಿದೆ." ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಬೈಯಮ್ಮ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ," ಎಂದ ಅವನು. "ಈಗ ನನ್ನ ಮಾತು ಕೇಳು. ಡ್ರೈವರಿಗೆ ತಲೆ ಕೆಟ್ಟಿರೋದು. ಪ್ರಯಾಣಿಕರು ಕೂತಲ್ಲೇ ಇದ್ದಾರೆ."

ಅಳಿಯನಿಗೆ ಮಾವನಿಗೇ ತಲೆ ಕೆಟ್ಟಿತೇನೋ ಅನಿಸಿತು. "ಮಾವ, ನೀವು ಹೋಗಿ ಸ್ವಲ್ಪ ಕೂತ್ಕೊಳ್ಳಿ."

"ಕೂತದ್ದು ಸಾಕು. ಕಾರ್ಡು ಬೇರೆ, ಡಿಸ್ಕು ಬೇರೆ. ಆ ಪೆಟ್ಟಿಗೆ ಒಳಗೆ ಉಗುರಷ್ಟು ಕಾರ್ಡಿದೆ, ಗಾಡಿ ಓಡಿಸೋದು ಅದು. ಕೆಟ್ಟಿರೋದು ಅದು. ಹಾಡೆಲ್ಲ ಇದರಲ್ಲಿ. ಅವಳು ಬೇರೆ ಬೇರೆ ಇಟ್ಟಿದ್ದೇ ಈ ಕಾರಣಕ್ಕೆ. ನನ್ನ ಕಾರಣಕ್ಕೆ."

ಅಳಿಯ ತೆರೆಯನ್ನೇ ದಿಟ್ಟಿಸುತ್ತ ಕೂತ. ಅವನ ಮುಖದ ಬಣ್ಣ ಸ್ವಲ್ಪ ಸ್ವಲ್ಪವೇ ಇಳಿಯಿತು. "ಇರಬಹುದು," ಎಂದ ನಿಧಾನವಾಗಿ. "ಆ ಪೆಟ್ಟಿಗೆಯ ಭಾಷೆ ನನ್ನ ಲ್ಯಾಪ್‌ಟಾಪಿಗೆ ಬರಲ್ಲ. ಓದೋಕೆ ಬರದೆ ಇದ್ರೂ ಅದು ಹೀಗೇ ಕೇಳುತ್ತೆ. ಅಯ್ಯೋ ಮಾವ, ಇನ್ನೊಂದು ಕ್ಷಣ ತಡ ಆಗಿದ್ರೆ ನಾನು..." ಎಂದವನು ಬೆಂಕಿ ಮುಟ್ಟಿದಂತೆ ಕೈ ಎಳೆದುಕೊಂಡು ಡಿಸ್ಕಿನ ವೈರನ್ನು ಬಿಡಿಸಿದ.

"ಆದ್ರೆ ಕಾರ್ಡು ಕೆಟ್ಟಿದ್ರೆ ಈಗ ಏನು ಮಾಡೋದು?" ಎಂದಳು ಮಗಳು. "ಅಮ್ಮ ಇದ್ದಿದ್ರೆ ಹೊಸದು ಮಾಡ್ತಿದ್ದಳು. ಅರ್ಧ ಗಂಟೆಯಲ್ಲಿ ಇನ್ಯಾರಿಗೆ ಬರುತ್ತೆ ಅದು?"

ಕತ್ತರಿ ಮೇಡಂ ಕೇಳಿದರು. "ಆ ಪೆಟ್ಟಿಗೆ ಮುಚ್ಚಳ ತೆಗೆದು ನೋಡಿದ್ರಾ?"

"ಇಲ್ಲ. ಸ್ಕ್ರೂ ಹಾಕಿದೆ."

"ತೆಗೀರಿ. ನಮ್ಮ ಲೈಬ್ರರಿಯಲ್ಲಿ ಟೇಪಿನ ಚೀಟಿಯನ್ನ ಡಬ್ಬಿ ಹೊರಗೆ ಅಂಟಿಸ್ತಾ ಇರಲಿಲ್ಲ. ಉದುರಿ ಹೋಗುತ್ತೆ ಅಂತ ಅವಳೇ ತಂದ ನಿಯಮ. ಏನು ಬರೆಯೋದಿದ್ರೂ ಮುಚ್ಚಳದ ಒಳಮೈಗೆ."

*

ಸ್ಕ್ರೂಡ್ರೈವರ್ ತಂದವನು ಡ್ರೈವರಣ್ಣನೇ. ನಾಲ್ಕು ಸ್ಕ್ರೂ. ಮೂರು ಬಂದವು, ನಾಲ್ಕನೆಯದು ಬರಲೊಲ್ಲದು. ಮೂರು ಇಪ್ಪತ್ತೈದು. ಅಳಿಯ "ಕೊಡಿ ಮಾವ" ಎಂದು ಕೈ ಚಾಚಿದ. ಡ್ರೈವರಣ್ಣ ಕೊಡಲಿಲ್ಲ. ಹಲ್ಲು ಕಚ್ಚಿ ಅಂಗೈ ಊರಿ ತಿರುಗಿಸಿದ. ಸ್ಕ್ರೂ ಕಿರ್ರೆಂದು ಸಡಿಲವಾಯಿತು.

ಮುಚ್ಚಳದ ಒಳಮೈಗೆ ರೂಲು ಹಾಕಿದ ಒಂದು ಹಾಳೆ, ನಾಲ್ಕು ಮೂಲೆಗೂ ಅಂಟು. ಲೈಬ್ರರಿಯ ಗುಂಡು ಗುಂಡು ಅಕ್ಷರ. ಹಾಳೆಯ ಕೆಳಗೆ ಬೆರಳಗಲದ ಒಂದು ಕಾಗದದ ಲಕೋಟೆ. ಅದರ ಮೇಲೆ ಬರೆದಿತ್ತು: ಬದಲಿ ಡ್ರೈವರ್.

ಮಗಳು ಹಾಳೆಯನ್ನು ಗಟ್ಟಿಯಾಗಿ ಓದತೊಡಗಿದಳು.

"ಪ್ಲಗ್ ಕಿತ್ತ ದಿನಗಳು. ಒಂದು..." ಎಂದು ಶುರುಮಾಡಿದವಳು ನಿಂತಳು. ತಾರೀಕುಗಳಿದ್ದವು. ಏಳು ತಾರೀಕು, ಆರು ವರ್ಷಗಳಲ್ಲಿ. ಒಂದೊಂದರ ಮುಂದೆಯೂ 'ಹೊಸ ಕಾರ್ಡು ಹಾಕಿದೆ' ಎಂಬ ಮೂರು ಪದ, ಅದರ ಮುಂದೆ ಗುರುತು. ಎಂಟು ಎಂದು ನಂಬರ್ ಹಾಕಿದ್ದ ಕೊನೆಯ ಸಾಲು ಖಾಲಿ.

ಡ್ರೈವರಣ್ಣ ಮಗಳ ಭುಜದ ಮೇಲಿಂದ ಬಗ್ಗಿ ನೋಡಿದ. ಏಳು ಸಲ. ಪ್ಲಗ್ ಕಿತ್ತಾಗಲೆಲ್ಲ ಅವಳು ಗೊಣಗಿದ್ದು ನೆನಪಿತ್ತು. ಆದರೆ ಸಂಜೆಯ ಹೊತ್ತಿಗೆ ಪೆಟ್ಟಿಗೆ ಹಾಡುತ್ತಲೇ ಇರುತ್ತಿತ್ತು. ನೋಡು, ಏನೂ ಆಗಿಲ್ಲ, ಸುಮ್ಮನೆ ಹೆದರಿಸ್ತೀಯ ಎಂದು ಅವನು ರೇಗಿಸುತ್ತಿದ್ದ. ಹೌದು ಕಣ್ರೀ, ಏನೂ ಆಗಿಲ್ಲ ಎನ್ನುತ್ತಿದ್ದಳು ಅವಳು.

"ಕೆಳಗೆ ಏನೋ ಇದೆ," ಎಂದ ಅಳಿಯ.

ಮಗಳು ಓದಿದಳು. "ಈ ಮುಚ್ಚಳ ತೆಗೆದವರಿಗೆ. ಹಳೆ ಕಾರ್ಡು ತೆಗೆದು ಲಕೋಟೆಯಲ್ಲಿರುವುದನ್ನು ಹಾಕಿ. ಡಿಸ್ಕನ್ನು ಮುಟ್ಟಬೇಡಿ. ಅವರನ್ನು..." ಅಲ್ಲಿಗೆ ಅವಳಿಗೆ ಓದಲಾಗಲಿಲ್ಲ. ಹಾಳೆಯನ್ನು ಕತ್ತರಿ ಮೇಡಂ ಕಡೆ ತಿರುಗಿಸಿದಳು.

ಮೇಡಂ ಕನ್ನಡಕ ಏರಿಸಿಕೊಂಡು, ಆಫೀಸಿನಲ್ಲಿ ಓದುತ್ತಿದ್ದ ಅದೇ ಒಣ ಧ್ವನಿಯಲ್ಲಿ ಓದಿ ಮುಗಿಸಿದರು. "ಅವರನ್ನು ಬೈಯಬೇಡಿ. ಗೊತ್ತಾದರೆ ರಾತ್ರಿಯೆಲ್ಲ ಎದ್ದೆದ್ದು ಬಂದು ದೀಪ ನೋಡುತ್ತಾರೆ."

ಹೊರಗೆ ಹಾಲಿನಲ್ಲಿ ಫ್ರೀಜರ್ ಪೆಟ್ಟಿಗೆ ಒಂದೇ ಸಮನೆ ಗುರುಗುಡುತ್ತಿತ್ತು. ಡ್ರೈವರಣ್ಣ ಗೋಡೆ ಹಿಡಿದುಕೊಂಡ. ಅಳು ಬರುತ್ತದೆಂದುಕೊಂಡಿದ್ದ, ಬಂದದ್ದು ಸಿಟ್ಟು, ಅವಳ ಮೇಲೆ. ಒಂದೇ ಒಂದು ಸಲ ಹೇಳಿದ್ದರೆ ಆಗುತ್ತಿರಲಿಲ್ಲವೇ? ಆ ಸಿಟ್ಟು ಎಷ್ಟು ಬೇಗ ಬಂತೋ ಅಷ್ಟೇ ಬೇಗ ಕರಗಿ, ಅದರ ಹಿಂದೆಯೇ ಅಳುವೂ ಬಂತು. ಮಗಳು ಅವನ ಮುಖ ನೋಡಲಿಲ್ಲ. ಆದರೆ ಅವನ ತೋಳು ಹಿಡಿದುಕೊಂಡಳು.

ಅಳಿಯ ಉಗುರಿನಿಂದ ಹಳೆಯ ಕಾರ್ಡು ಎಬ್ಬಿಸಿ ಹೊಸದನ್ನು ಕೂರಿಸಿದ. ಡಿಸ್ಕು ತನ್ನ ಚೀಲಕ್ಕೆ, ಚೀಲ ತನ್ನ ಜಾಗಕ್ಕೆ. ಪೆಟ್ಟಿಗೆಯನ್ನು ಹಾಲಿಗೆ ತಂದರು. ಆ ಹೊತ್ತಿಗೆ ಗಾಡಿ ಬಾಗಿಲಿಗೆ ಬಂದಾಗಿತ್ತು. ಅದರ ಡ್ರೈವರ್ ಇಳಿದು, "ಐದು ನಿಮಿಷದಲ್ಲಿ ಹೊರಟ್ರೆ ಸರದಿ ಸಿಗುತ್ತೆ. ಇಲ್ಲಾಂದ್ರೆ ನಾಳೆಗೆ ಹೋಗುತ್ತೆ," ಎಂದು ಹೊಸ್ತಿಲಲ್ಲೇ ನಿಂತ.

ಪ್ಲಗ್ ಹಾಕಿದ್ದು ಡ್ರೈವರಣ್ಣ. ಕೆಂಪು ಹತ್ತಿತು. ಹಾಲಿನಲ್ಲಿ ಮೂವತ್ತು ನಲವತ್ತು ಜನ, ಒಂದು ಕೆಮ್ಮಿಲ್ಲ. ಅಳಿಯ ಕೈಗಡಿಯಾರ ನೋಡಿದ. ಕೆಂಪು, ಬರೀ ಕೆಂಪು. ಮಗಳ ಉಗುರು ಅಪ್ಪನ ತೋಳಿಗೆ ನಾಟುತ್ತಿತ್ತು. ಆಮೇಲೆ ಹಸಿರು ಒಮ್ಮೆ ಮಿನುಗಿತು. ನಿಂತಿತು. ಮತ್ತೆ ಮಿನುಗಿ, ಪಟಪಟನೆ ಮಿನುಗುತ್ತಲೇ ಹೋಯಿತು. ಗಾಜಿನಲ್ಲಿ ನಂಬರ್ ಬಂತು. ಮಗಳು ತಿರುಗಣೆಯನ್ನು ಕೊನೆಯ ತನಕ ತಿರುಗಿಸಿ ಒತ್ತಿದಳು.

ಹಾಡು ಬರಲಿಲ್ಲ. ಹಳೆ ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದು. ಎಲ್ಲೋ ದೂರದಲ್ಲಿ ಚಪ್ಪಲಿ ಎಳೆದು ನಡೆಯುವ ಸದ್ದು. ಟಕ್ಕೆಂದು ಒಂದು ಸ್ವಿಚ್ಚು.

"ಅಡುಗೆಮನೆ, ಆಯ್ತು," ಎಂದಿತು ಒಂದು ಗಂಡು ಧ್ವನಿ. ಈಗಿನದಕ್ಕಿಂತ ಗಟ್ಟಿಯಾಗಿದ್ದ, ಡ್ರೈವರಣ್ಣನ ಧ್ವನಿ. ಟಕ್. "ಬಚ್ಚಲು, ಆಯ್ತು."

ಹಿಂದೆ ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು.

"ಆಯ್ತೇನ್ರೀ?" ಬಾಗಿಲ ಕಡೆಯಿಂದ ಅವಳು.

"ಆಯ್ತು ಆಯ್ತು. ನೀನು ನಡಿ, ಬಂದೆ."

"ನಾನು ಹೊರಟೆ ಹಂಗಾದ್ರೆ. ನೀವು ನಿಧಾನಕ್ಕೆ ಬನ್ನಿ, ಅವಸರ ಏನಿಲ್ಲ."

ಬಾಗಿಲು ತೆರೆದ ಸದ್ದು. ಅವಳ ಹೆಜ್ಜೆ ಮೆಟ್ಟಿಲಿಳಿದು ದೂರವಾಗುವುದು ಸ್ಪಷ್ಟವಾಗಿ ಕೇಳಿಸಿತು. ಇನ್ನೊಂದು ಹೆಜ್ಜೆ ಹತ್ತಿರ ಬಂತು, ಇನ್ನೂ ಹತ್ತಿರ. "ಈ ಟೇಪ್ ರೆಕಾರ್ಡರ್ ಯಾರು ಹಚ್ಚಿಟ್ಟು ಹೋದ್ರಪ್ಪ..." ಎಂದು ಗೊಣಗಿತು. ಚುಯ್ ಎಂದು ಸದ್ದು ಏರಿ, ಕಡಿದುಹೋಯಿತು.

"ಮತ್ತೆ ಹೋಯ್ತಾ?" ಎಂದು ಅಳಿಯ ಗಾಬರಿಯಿಂದ ಪೆಟ್ಟಿಗೆಗೆ ಕೈ ಹಾಕಿದ.

"ಇಲ್ಲ," ಎಂದ ಡ್ರೈವರಣ್ಣ. ಹಸಿರು ದೀಪ ನೆಮ್ಮದಿಯಾಗಿ ಮಿನುಗುತ್ತಿತ್ತು. "ಅದು ಅಷ್ಟೇ ಇರೋದು. ಅಲ್ಲಿ ನಾನು ಪ್ಲಗ್ ಕಿತ್ತೆ."

*

ಅವಳನ್ನು ಗಾಡಿಗೆ ಏರಿಸಿದರು. ಜನ ಅಂಗಳಕ್ಕೆ ಇಳಿದರು. ಫ್ರೀಜರ್ ಪೆಟ್ಟಿಗೆಯ ಸದ್ದು ನಿಂತ ಮೇಲೆ ಮನೆ ಕಿವಿ ಮುಚ್ಚಿದ ಹಾಗಿತ್ತು. ಡ್ರೈವರಣ್ಣ ಅಡುಗೆಮನೆಗೆ ಹೋಗಿ, ಮೇಜಿನ ಮೇಲೆ ಬಿದ್ದಿದ್ದ ಮುಚ್ಚಳವನ್ನು ಎಳೆದುಕೊಂಡು, ಎಂಟನೆಯ ಸಾಲಿನಲ್ಲಿ ಅವತ್ತಿನ ತಾರೀಕು ಬರೆದ. ಅಕ್ಷರ ಅವಳದರಷ್ಟು ದುಂಡಗೆ ಬರಲಿಲ್ಲ. ಅದರ ಮುಂದೆ 'ಹೊಸ ಕಾರ್ಡು ಹಾಕಿದೆ' ಎಂದು ಬರೆದು, ಗುರುತು ಹಾಕಿದ.

ಅಡುಗೆಮನೆಯ ದೀಪ ಆರಿಸಿದ. ಬಚ್ಚಲಿನದು ಆರಿಸಿದ. ಬಾಯಲ್ಲಿ ಲೆಕ್ಕ ಬರಲಿಲ್ಲ. ಹಾಲಿಗೆ ಬಂದು ಕಿಟಕಿಯ ಪರದೆ ಎಳೆದು, ಹಾಡಿನ ಪೆಟ್ಟಿಗೆಯ ಪಕ್ಕದ ಗುಂಡಿ ಒತ್ತಿ, ಕಾದು ನಿಂತ. ಹಸಿರು ಮಿನುಗುತ್ತಿತ್ತು. ಹೊರಗೆ ಗಾಡಿ ಹಾರ್ನ್ ಹಾಕಿತು.

"ಅಪ್ಪಾ, ಹೊರಡೋಣ್ವಾ?" ಎಂದು ಮಗಳು ಗೇಟಿನ ಹತ್ತಿರದಿಂದ ಕೂಗಿದಳು.

"ನೀವು ನಡೀರಿ. ಬಂದೆ."

ಹಸಿರು ಇನ್ನೊಂದೆರಡು ಸಲ ಮಿನುಗಿ ಆರಿತು. ಈಗ ಕೀಳಬಹುದಿತ್ತು. ಅವನ ಕೈ ಅಭ್ಯಾಸದಂತೆ ಪ್ಲಗ್ಗಿನ ತನಕ ಹೋಗಿ, ಅದನ್ನು ಹಿಡಿದು, ಹಾಗೇ ಬಿಟ್ಟು ಬಂತು. ಹಾಲಿನ ದೀಪವನ್ನಷ್ಟೇ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲು ಎಳೆದುಕೊಂಡ. ಒಳಗೆ ಮಬ್ಬಿನಲ್ಲಿ ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿತ್ತು.